ರಾಣಿ ಚೆನ್ನಭೈರಾದೇವಿ ಮತ್ತು ಮಿರ್ಜಾನ್ ಕೋಟೆಯ ದ್ವಾರಗಳು

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಹಿರೇಗುತ್ತಿಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾ ಕಡೆಗೆ ಸಾಗಿ ಅಘನಾಶಿನಿ ನದಿಯ ಸೇತುವೆಯನ್ನು ದಾಟಿದರೆ ಮಿರ್ಜಾನ್ ಗ್ರಾಮವು ದೊರೆಯುತ್ತದೆ. ಹೆದ್ದಾರಿಯಿಂದ ಸುಮಾರು ಅರ್ಧ ಕಿಲೋಮೀಟರ್ ಒಳಗೆ, ಹಸುರು ಪಾಚಿ ಹೊದ್ದ ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋಟೆಯೊಂದು ನಿಂತಿದೆ. ಈ ಕೋಟೆಯೊಂದಿಗೆ ಜನಮನದಲ್ಲಿ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುವ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಕರಾವಳಿಯನ್ನು ಆಳಿದ ಈ ರಾಣಿಯು ಕಾಳುಮೆಣಸಿನ ರಾಣಿ ಎಂದೇ ಪ್ರಸಿದ್ಧಳಾಗಿದ್ದಾಳೆ.

ಮನೆತನ ಮತ್ತು ರಾಜ್ಯ

ಚೆನ್ನಭೈರಾದೇವಿಯು ನಗಿರೆಯ ಸಾಳುವ ಮನೆತನಕ್ಕೆ ಸೇರಿದವಳು. ಜೈನ ಧರ್ಮಾವಲಂಬಿಗಳಾದ ಈ ಅರಸರು ವಿಜಯನಗರ ಸಾಮ್ರಾಜ್ಯದ ಸಾಮಂತರಾಗಿ ಶರಾವತಿ ತೀರದ ಗೇರುಸೊಪ್ಪೆ ಹಾಗೂ ಈಗಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯಿಂದ ಆಳ್ವಿಕೆ ನಡೆಸುತ್ತಿದ್ದರು. ಹಾಡುವಳ್ಳಿಗೆ ಸಂಗೀತಪುರ ಎಂಬ ಹೆಸರೂ ಇದ್ದಿತು. ಈ ಮನೆತನದಲ್ಲಿ ಹೆಣ್ಣುಮಕ್ಕಳು ಸಿಂಹಾಸನವೇರುವುದು ಅಪರೂಪದ ಸಂಗತಿಯಾಗಿರಲಿಲ್ಲ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟು ಲೂಟಿ ಮಾಡಿದಾಗ ಅಲ್ಲಿ ಆಳುತ್ತಿದ್ದವಳೂ ಓರ್ವ ರಾಣಿಯೇ. ಹೆಸರುಗಳ ಸಾಮ್ಯದಿಂದಾಗಿ ಈ ರಾಣಿಯರ ಕಾಲವನ್ನು ಒಬ್ಬರದರಿಂದ ಇನ್ನೊಬ್ಬರದಕ್ಕೆ ಬೇರ್ಪಡಿಸಿ ನೋಡುವುದು ವಿದ್ವಾಂಸರಿಗೂ ಸುಲಭವಾಗಿಲ್ಲ. ಚೆನ್ನಭೈರಾದೇವಿಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗಿನ 54 ವರ್ಷಗಳೆಂದು ಗುರುತಿಸಲಾಗಿದೆ. ಭಾರತದ ಇತಿಹಾಸದಲ್ಲಿ ಇಷ್ಟು ದೀರ್ಘ ಕಾಲ ರಾಜ್ಯವಾಳಿದ ಮಹಿಳೆಯರು ವಿರಳ.

ಹೊನ್ನಾವರ, ಮಿರ್ಜಾನ್, ಭಟ್ಕಳ ಮೊದಲಾದ ಬಂದರುಗಳು ಈ ನಾಡಿನ ಬಾಗಿಲುಗಳಾಗಿದ್ದವು. ಘಟ್ಟದ ತೋಟಗಳಲ್ಲಿ ಬೆಳೆದ ಕಾಳುಮೆಣಸು ತಲೆಹೊರೆ ಹಾಗೂ ಎತ್ತುಗಳ ಮೇಲೆ ಇಳಿದು, ಶರಾವತಿ ಮತ್ತು ಅಘನಾಶಿನಿಯ ದೋಣಿಗಳಲ್ಲಿ ಸಾಗಿ ಬಂದರುಗಳನ್ನು ತಲುಪುತ್ತಿತ್ತು. ಅಕ್ಕಿ, ಅಡಿಕೆ ಮತ್ತಿತರ ಸಂಬಾರ ಪದಾರ್ಥಗಳೂ ಇದೇ ದಾರಿಯಲ್ಲಿ ಹೊರನಾಡಿಗೆ ಹೋಗುತ್ತಿದ್ದವು. ಅರಬ್ ದೇಶಗಳಿಂದ ವಿಜಯನಗರಕ್ಕೆ ಬೇಕಾದ ಕುದುರೆಗಳು ಭಟ್ಕಳದ ಮೂಲಕ ಒಳನಾಡಿಗೆ ಹೋಗುತ್ತಿದ್ದವು. ಘಟ್ಟ ಮತ್ತು ಕಡಲು ಇವೆರಡರ ನಡುವಿನ ಈ ದಾರಿಯನ್ನು ಕಾಯುವುದೇ ರಾಣಿಯ ರಾಜ್ಯಭಾರದ ಮುಖ್ಯ ಹೊಣೆಯಾಗಿತ್ತು.

ಪೋರ್ಚುಗೀಸರೊಡನೆ ಸಂಘರ್ಷ

1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಪಶ್ಚಿಮ ಕರಾವಳಿಯ ಸಮುದ್ರ ವ್ಯಾಪಾರವನ್ನೆಲ್ಲ ತಮ್ಮ ಅಧೀನಕ್ಕೆ ತರಲು ಯತ್ನಿಸಿದರು. ತಮ್ಮ ಪರವಾನಗಿ ಪತ್ರವಿಲ್ಲದೆ ಸಂಚರಿಸುವ ಹಡಗುಗಳನ್ನು ಹಿಡಿಯುತ್ತಿದ್ದರು. ಕರಾವಳಿಯ ಅರಸರಿಂದ ಕಪ್ಪವನ್ನು ಬಯಸುತ್ತಿದ್ದರು. 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ವಿಜಯನಗರವು ಸೋತ ಬಳಿಕ ಕರಾವಳಿಯ ಸಾಮಂತರಿಗೆ ಒಳನಾಡಿನ ಬೆಂಬಲ ಕುಗ್ಗಿತು. ಅನಂತರದ ಬಿಕ್ಕಟ್ಟುಗಳನ್ನು ಚೆನ್ನಭೈರಾದೇವಿಯು ಬಹುಮಟ್ಟಿಗೆ ಸ್ವಂತ ಬಲದಿಂದಲೇ ಎದುರಿಸಬೇಕಾಯಿತು.

1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಮೇಲೆ ದಾಳಿ ಮಾಡಿ ಪಟ್ಟಣವನ್ನು ಸುಟ್ಟು ಕೋಟೆಯನ್ನು ವಶಪಡಿಸಿಕೊಂಡರು. ಮರುವರ್ಷ, ಅಂದರೆ 1570ರಲ್ಲಿ, ಬಿಜಾಪುರದ ಆದಿಲ್‌ಶಾಹಿ ಸುಲ್ತಾನನು ಗೋವೆಯನ್ನು ಮುತ್ತಿದ ಸಂದರ್ಭವನ್ನು ಬಳಸಿಕೊಂಡು ರಾಣಿಯ ಸೈನ್ಯವು ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿತು. ಈ ಮುತ್ತಿಗೆಯು ಸಫಲವಾಗಲಿಲ್ಲ. ಹೊನ್ನಾವರದ ಕೋಟೆಯು 1654ರಲ್ಲಿ ಕೆಳದಿಯ ಶಿವಪ್ಪನಾಯಕನು ಗೆಲ್ಲುವವರೆಗೆ ಪೋರ್ಚುಗೀಸರ ಕೈಯಲ್ಲಿಯೇ ಉಳಿಯಿತು.

ಆದರೆ ನದೀಮುಖದ ಕೋಟೆಯೊಂದು ಕೈಸೇರಿದ ಮಾತ್ರಕ್ಕೆ ಕಾಳುಮೆಣಸು ಪೋರ್ಚುಗೀಸರ ಸ್ವತ್ತಾಗಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ತೋಟಗಳು, ಘಟ್ಟದ ದಾರಿಗಳು, ನದಿಯ ಮೇಲ್ಭಾಗದ ಗೇರುಸೊಪ್ಪೆ ಇವೆಲ್ಲವೂ ರಾಣಿಯ ಅಧೀನದಲ್ಲಿಯೇ ಇದ್ದವು. ಲಿಸ್ಬನ್ನಿಗೆ ಹೊರಡುವ ಹಡಗುಗಳನ್ನು ತುಂಬಿಸಬೇಕಾದರೆ ಪೋರ್ಚುಗೀಸರು ಈಕೆಯೊಡನೆಯೇ ವ್ಯವಹರಿಸಬೇಕಾಗಿತ್ತು. ರೈನ್ಹಾ ದ ಪಿಮೆಂಟಾ, ಅಂದರೆ ಕಾಳುಮೆಣಸಿನ ರಾಣಿ ಎಂಬ ಹೆಸರನ್ನು ಆಕೆಗೆ ಕೊಟ್ಟವರು ಆಕೆಯ ಪ್ರಜೆಗಳಲ್ಲ; ಹೊನ್ನಾವರವನ್ನು ಸುಟ್ಟ ಪೋರ್ಚುಗೀಸರೇ. ಬಾಗಿಲನ್ನು ಕಸಿದುಕೊಂಡವರೂ ಒಳಗಿನ ಸರಕಿಗಾಗಿ ಆಕೆಯನ್ನು ಅವಲಂಬಿಸಬೇಕಾಗಿ ಬಂದುದಕ್ಕೆ ಈ ಹೆಸರೇ ಸಾಕ್ಷಿಯಾಗಿದೆ.

ಧರ್ಮ ಮತ್ತು ವಿದ್ಯೆ

ಗೇರುಸೊಪ್ಪೆಯ ಸಮೀಪ ಶರಾವತಿಯ ದಂಡೆಯ ಕಾಡಿನಲ್ಲಿರುವ ನಗರಬಸ್ತಿಕೇರಿಯಲ್ಲಿ ಈ ಮನೆತನದ ರಾಜಧಾನಿಯ ಅವಶೇಷಗಳಿವೆ. ನಾಲ್ಕು ದಿಕ್ಕಿಗೂ ಬಾಗಿಲುಗಳನ್ನುಳ್ಳ ಚತುರ್ಮುಖ ಬಸದಿಯು ಇವುಗಳಲ್ಲಿ ಪ್ರಮುಖವಾದುದು. ಹಾಡುವಳ್ಳಿಯ ಜೈನ ಮಠವು ವಿದ್ಯಾಕೇಂದ್ರವಾಗಿ ಹೆಸರು ಪಡೆದಿತ್ತು. ಈ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವನು ಕನ್ನಡ ಭಾಷೆಯ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ನಿರೂಪಿಸಿದ ಕರ್ಣಾಟಕ ಶಬ್ದಾನುಶಾಸನ ಎಂಬ ಗ್ರಂಥವನ್ನು 1604ರಲ್ಲಿ ಪೂರ್ಣಗೊಳಿಸಿದನು. ಅದು ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳ ಕಾಲ. ಗೋವೆಯಲ್ಲಿ 1560ರಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯವು ಸ್ಥಾಪನೆಯಾದ ಬಳಿಕ ಊರು ತೊರೆದ ಅನೇಕ ಕೊಂಕಣಿ ಕುಟುಂಬಗಳು ಕನ್ನಡ ಕರಾವಳಿಗೆ ಬಂದು ನೆಲೆಸಿದುದೂ ಇದೇ ಅವಧಿಯಲ್ಲಿ.

ಪತನ

ಐದು ದಶಕಗಳ ಕಾಲ ಕಡಲಿನತ್ತ ಕಣ್ಣಿಟ್ಟು ರಾಜ್ಯವನ್ನು ಕಾಯ್ದ ರಾಣಿಗೆ ಕೊನೆಯ ಪೆಟ್ಟು ಬಂದುದು ಕಡಲಿನಿಂದಲ್ಲ, ಘಟ್ಟದ ಮೇಲಿನಿಂದ. ವಿಜಯನಗರದ ಹಿಡಿತ ಸಡಿಲಿದಂತೆ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿ ಅರಸರು ಪ್ರಬಲರಾದರು. ಕಾಳುಮೆಣಸಿನ ಆದಾಯವಿದ್ದ ಗೇರುಸೊಪ್ಪೆಯ ಸೀಮೆಯು ಅವರಿಗೆ ಸಮುದ್ರದ ದಾರಿಯೂ ಆಗಿತ್ತು. 17ನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ಗೆದ್ದುಕೊಂಡನು. ಸೆರೆಯಾದ ವೃದ್ಧ ರಾಣಿಯು ಬಂಧನದಲ್ಲಿಯೇ ಕಾಲವಾದಳೆಂದು ಪ್ರತೀತಿ. ಆಕೆಯೊಡನೆ ಗೇರುಸೊಪ್ಪೆಯ ಅರಸೊತ್ತಿಗೆಯೂ ಕೊನೆಗೊಂಡಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು ಇಕ್ಕೇರಿಗೆ ಪ್ರಯಾಣ ಮಾಡಿದನು. ಹಿಂದೆ ವೈಭವದಿಂದ ಮೆರೆದ ನಗರವು ಆ ವೇಳೆಗೆ ಹಾಳಾಗಿ ಮರಗಿಡಗಳಿಂದ ಮುಚ್ಚಿಹೋಗಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಪರಸ್ಥಳದ ಸಾಮಾನ್ಯನೊಬ್ಬನಲ್ಲಿ ರಾಣಿಯು ಅನುರಕ್ತಳಾದುದೇ ಆಕೆಯ ಪತನಕ್ಕೆ ಕಾರಣವಾಯಿತೆಂಬ ಕಥೆಯನ್ನೂ ದಾಖಲಿಸಿದ್ದಾನೆ. ಆದರೆ ಅವನು ಪೋರ್ಚುಗೀಸ್ ರಾಯಭಾರಿಯ ಮತ್ತು ವೆಂಕಟಪ್ಪನಾಯಕನ ಪ್ರತಿನಿಧಿಯ ಪರಿವಾರದೊಂದಿಗೆ ಪ್ರಯಾಣಿಸುತ್ತಿದ್ದವನು. ಅಂದರೆ ಈ ಕಥೆಯು ರಾಣಿಯ ವೈರಿಗಳ ಬಳಗದಲ್ಲಿ, ಆಕೆಯ ಪತನದ ಹಲವು ವರ್ಷಗಳ ತರುವಾಯ ಕೇಳಿಬಂದದ್ದು. ಓದುಗರು ಇದನ್ನು ಆ ಎಚ್ಚರಿಕೆಯಿಂದಲೇ ಸ್ವೀಕರಿಸುವುದು ಉಚಿತ. ಚೆನ್ನಭೈರಾದೇವಿಯನ್ನು ಕುರಿತ ಬರಹಗಳಲ್ಲಿ ಬಹುಪಾಲು ಆಕೆಯ ಕೋಟೆಬಾಗಿಲಿನ ಹೊರಗೆ ನಿಂತವರು ಬರೆದವುಗಳೇ ಆಗಿವೆ.

ಕೋಟೆ ಮತ್ತು ಅದರ ದ್ವಾರಗಳು

ಒಳಗಿನವರು ಬಿಟ್ಟುಹೋದ ಗುರುತುಗಳನ್ನು ನೋಡಬಯಸುವವರು ಮಿರ್ಜಾನಿಗೆ ಬರಬೇಕು. ಸುಮಾರು 10 ಎಕರೆ ವಿಸ್ತೀರ್ಣದ ಈ ಕೋಟೆಯು ಎರಡು ಸುತ್ತಿನ ಎತ್ತರದ ಗೋಡೆಗಳನ್ನೂ, ದುಂಡನೆಯ ಕೊತ್ತಲಗಳನ್ನೂ, ಸುತ್ತಲೂ ಕಂದಕವನ್ನೂ ಹೊಂದಿದೆ. ಒಂದು ಮುಖ್ಯ ದ್ವಾರ ಮತ್ತು ಮೂರು ಉಪದ್ವಾರಗಳಿದ್ದು, ಅಗಲವಾದ ಮೆಟ್ಟಿಲುಗಳು ನೆಲಮಟ್ಟದಿಂದ ಇವುಗಳಿಗೆ ಏರುತ್ತವೆ. ಒಳಗಿನ ಬಾವಿಗಳನ್ನು ಕಾಲುವೆಗಳ ಮೂಲಕ ಕಂದಕಕ್ಕೆ ಜೋಡಿಸಲಾಗಿತ್ತು. ಮುತ್ತಿಗೆಯ ಕಾಲದಲ್ಲಿ ದ್ವಾರಗಳನ್ನು ಮುಚ್ಚಿದರೂ ಒಳಗಿನವರಿಗೆ ನೀರಿನ ಕೊರತೆಯಾಗದಂತೆ ಈ ವ್ಯವಸ್ಥೆಯು ನೆರವಾಗುತ್ತಿತ್ತು.

ಕೋಟೆಯನ್ನು ಕಟ್ಟಿಸಿದವರ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಜನಪ್ರಿಯ ನಂಬಿಕೆಯು ಚೆನ್ನಭೈರಾದೇವಿಯ ಹೆಸರನ್ನು ಹೇಳಿದರೆ, ಈಗ ಕಾಣುವ ರೂಪವು ಆಕೆಯ ನಂತರ ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕನ ಕಾಲದ್ದೆಂಬ ಅಭಿಪ್ರಾಯವೂ ಇದೆ. ಮುಂದೆ ಬಿಜಾಪುರ, ಕೆಳದಿ, ಮರಾಠರು ಮತ್ತು ಬ್ರಿಟಿಷರ ಕೈಗಳನ್ನು ಇದು ದಾಟಿ ಬಂದಿತು. 2000-01ರ ಉತ್ಖನನದಲ್ಲಿ ಕಬ್ಬಿಣದ ಗುಂಡುಗಳು, ಚೀನಾದ ಪಿಂಗಾಣಿಯ ಚೂರುಗಳು ಮತ್ತು ಪೋರ್ಚುಗೀಸ್ ಚಿನ್ನದ ನಾಣ್ಯವೊಂದು ದೊರೆತಿವೆ. ಯುದ್ಧ ಮತ್ತು ವ್ಯಾಪಾರ ಎರಡೂ ಇವೇ ದ್ವಾರಗಳ ಮೂಲಕ ಒಳಬಂದುದನ್ನು ಈ ವಸ್ತುಗಳು ದೃಢಪಡಿಸುತ್ತವೆ.

ಸಂದರ್ಶಕರ ಗಮನಕ್ಕೆ

ಮಿರ್ಜಾನ್ ಕೋಟೆಯು ಕುಮಟಾದಿಂದ ಸುಮಾರು 11 ಕಿ.ಮೀ. ಹಾಗೂ ಗೋಕರ್ಣದಿಂದ ಸುಮಾರು 21 ಕಿ.ಮೀ. ದೂರದಲ್ಲಿದೆ. ಕೊಂಕಣ ರೈಲು ಮಾರ್ಗದಲ್ಲಿ ಮಿರ್ಜಾನ್ ನಿಲ್ದಾಣವಿದೆ. ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದ್ದು, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯ್ದೆಯನ್ವಯ ದಂಡನೀಯ ಅಪರಾಧವಾಗಿದೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಕೊರೆದ ಹೆಸರು ಸುಲಭವಾಗಿ ಅಳಿಯುವುದಿಲ್ಲ. ಕಿತ್ತ ಕಲ್ಲು ಮರಳಿ ಕೂಡುವುದಿಲ್ಲ. ತನ್ನ ಮಾತನ್ನು ತಾನೇ ಬರೆದಿಡದೆ ಹೋದ ರಾಣಿಯೊಬ್ಬಳ ನಾಡಿಗೆ ಈ ಗೋಡೆ ಮತ್ತು ದ್ವಾರಗಳೇ ಉಳಿದಿರುವ ದಾಖಲೆಗಳು. ಇವುಗಳನ್ನು ಮುಂದಿನ ಪೀಳಿಗೆಗೆ ಇದ್ದಂತೆಯೇ ಒಪ್ಪಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.