ತಿಲಕರೂ ಜ್ಯೂರಿಯ ಲೆಕ್ಕವೂ

ಲೋಕಮಾನ್ಯ ಬಾಲಗಂಗಾಧರ ತಿಲಕರನ್ನು ಗಣೇಶೋತ್ಸವ ಬಂದಾಗಲೆಲ್ಲ ನಾವು ನೆನೆಯುತ್ತೇವೆ. ಅವರನ್ನು ಸೆರೆಮನೆಗೆ ಕಳುಹಿಸಿದ ಜ್ಯೂರಿಗಳ ವಿಚಾರ ಮಾತ್ರ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ.

1856ರ ಜುಲೈ 23ರಂದು ರತ್ನಾಗಿರಿಯಲ್ಲಿ ಜನಿಸಿದ ತಿಲಕರು ಕಾನೂನು ಪದವೀಧರರಾಗಿಯೂ ವಕೀಲಿ ಹಿಡಿಯದೆ ಪುಣೆಯ ಶಾಲೆಯಲ್ಲಿ ಗಣಿತ ಕಲಿಸಿದರು. ನಮ್ಮ ವೃತ್ತಿಬಾಂಧವರೆಂದರೆ ತಪ್ಪಾಗದು. 1881ರಲ್ಲಿ ಮರಾಠಿ ‘ಕೇಸರಿ’ ಹೊರಟಿತು.

ಆ ಕಾಲದ ಕಾನೂನಿನ ಪಕ್ಷಪಾತವನ್ನು ಗಮನಿಸಬೇಕು. ಆರೋಪಿ ಯುರೋಪಿಯನನಾದರೆ, ಜ್ಯೂರಿಯಲ್ಲಿ ಅರ್ಧದಷ್ಟಾದರೂ ಬಿಳಿಯರೇ ಇರಬೇಕೆಂದು ಕೇಳುವ ಹಕ್ಕು 1884ರಿಂದ ಅವನಿಗಿತ್ತು. ತಿಲಕರಿಗೆ ಸಿಕ್ಕಿದ್ದೇನು? 1897ರಲ್ಲಿ ‘ಕೇಸರಿ’ಯ ಬರಹಗಳಿಗಾಗಿ ರಾಜದ್ರೋಹದ ಮೊಕದ್ದಮೆ ಹೂಡಿದಾಗ, ಮುಂಬಯಿ ಹೈಕೋರ್ಟಿನ ಜ್ಯೂರಿಯಲ್ಲಿ ಆರು ಮಂದಿ ಯುರೋಪಿಯನರು, ಮೂವರು ಭಾರತೀಯರು. ಆರು ಮಂದಿ ಅಪರಾಧಿಯೆಂದರು, ಮೂವರು ಅಲ್ಲವೆಂದರು. ಒಂಬತ್ತರಲ್ಲಿ ಆರು ಮಂದಿ ಒಮ್ಮತವಾಗಿ ನ್ಯಾಯಾಧೀಶರೂ ಒಪ್ಪಿದರೆ ಶಿಕ್ಷೆಗೆ ಸಾಕಿತ್ತು! ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು.

1908ರಲ್ಲಿ, ಮುಜಫ್ಫರಪುರದ ಬಾಂಬ್ ಪ್ರಕರಣದ ಬಳಿಕ ಬರೆದ ಲೇಖನಗಳಿಗಾಗಿ ಮತ್ತೆ ಬಂಧನ. ಸರಕಾರ ವಿಶೇಷ ಜ್ಯೂರಿಯನ್ನು ಬೇಡಿತು. ಅದರಲ್ಲಿ ಮರಾಠಿಯರಿಯದ ಯುರೋಪಿಯನರೇ ಹೆಚ್ಚಾಗುವರೆಂದು ತಿಲಕರ ಕಡೆಯ ಬ್ಯಾಪ್ಟಿಸ್ಟಾ ಆಕ್ಷೇಪಿಸಿದರು. 1897ರಲ್ಲಿ ವಕೀಲರಾಗಿ ತಿಲಕರಿಗೆ ಜಾಮೀನು ಕೊಡಿಸಿದ್ದ ದಾವರ್ ಅವರೇ ಈಗ ನ್ಯಾಯಾಧೀಶರು. ಅವರು ಆಕ್ಷೇಪವನ್ನು ಒಪ್ಪಲಿಲ್ಲ. ಏಳು ಮಂದಿ ಯುರೋಪಿಯನರು, ಇಬ್ಬರು ಪಾರ್ಸಿಗಳು ಕುಳಿತರು. ತಿಲಕರು ತಾವೇ ವಾದಿಸಿ, ಅನುವಾದದ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ನಮ್ಮ ನುಡಿಯರಿಯದವರ ಮುಂದೆ ಇನ್ನೊಬ್ಬರ ಅನುವಾದವನ್ನು ನಂಬಿ ನಿಲ್ಲುವ ಸಂಕಟವನ್ನು ಗಡಿನಾಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜುಲೈ 22ರ ರಾತ್ರಿ ಏಳು ಮಂದಿ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ಆರು ವರ್ಷ ಗಡೀಪಾರು, ಸಾವಿರ ರೂಪಾಯಿ ದಂಡ. ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದರಂತೆ ಆರು ದಿನ ಕೆಲಸ ನಿಲ್ಲಿಸಿದರು.

ಬರ್ಮಾದ ಮಂಡಾಲೆಯ ಸೆರೆಯಲ್ಲಿ ‘ಗೀತಾರಹಸ್ಯ’ ರೂಪುಗೊಂಡಿತು. ಅಲ್ಲಿರುವಾಗಲೇ, 1912ರಲ್ಲಿ, ಪತ್ನಿ ಸತ್ಯಭಾಮಾಬಾಯಿ ತೀರಿಕೊಂಡರು. ಬಿಡುಗಡೆಯಾದದ್ದು 1914ರ ಜೂನ್‌ನಲ್ಲಿ.

1916ರಲ್ಲಿ ನಮ್ಮ ಬೆಳಗಾವಿಯಲ್ಲೂ ಅಹಮದನಗರದಲ್ಲೂ ಸ್ವರಾಜ್ಯದ ಬಗ್ಗೆ ಮಾಡಿದ ಭಾಷಣಗಳಿಗಾಗಿ, ಸನ್ನಡತೆಗೆ 20,000 ರೂಪಾಯಿಯ ಮುಚ್ಚಳಿಕೆ ಕೊಡಬೇಕೆಂದು ಪುಣೆಯ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಿದರು. ಈ ಸಲ ಜ್ಯೂರಿ ಇರಲಿಲ್ಲ. ಹೈಕೋರ್ಟಿನಲ್ಲಿ ಬ್ಯಾಚೆಲರ್ ಎಂಬ ಆಂಗ್ಲ ನ್ಯಾಯಾಧೀಶರೂ ಶಾ ಎಂಬ ಭಾರತೀಯ ನ್ಯಾಯಾಧೀಶರೂ ಭಾಷಣಗಳನ್ನು ಪರಿಶೀಲಿಸಿ, ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದು ಆ ಆಜ್ಞೆಯನ್ನು ರದ್ದುಪಡಿಸಿದರು. ನಾಲ್ಕು ವರ್ಷಗಳ ಅನಂತರ, 1920ರ ಆಗಸ್ಟ್ 1ರಂದು, ತಿಲಕರು ಮುಂಬಯಿಯಲ್ಲಿ ನಿಧನರಾದರು.