ರೋಗಾಣು ಪತ್ತೆ ಮಾಡಿದ ಡಾಕ್ಟರ್ ರಾಬರ್ಟ್ ಕಾಕ್

ಬೆಳ್ಳಿಹಬ್ಬದ ಸಂಚಿಕೆಗೆ ನಿರ್ದೇಶಕರೆಲ್ಲರೂ ಏನಾದರೂ ಬರೆದುಕೊಡಲೇಬೇಕೆಂದು ಕಾರ್ಯದರ್ಶಿಗಳು ಪಟ್ಟು ಹಿಡಿದರು. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಹಾಲಿನ ಸಂಘದವರು ತಿಳಿದಿರಬೇಕಾದ ಒಬ್ಬ ಮಹನೀಯರ ವಿಚಾರ ನಮಗೆ ತಿಳಿದಮಟ್ಟಿಗೆ ಬರೆದಿದ್ದೇವೆ. ತಪ್ಪಿದ್ದರೆ ಸದಸ್ಯ ಬಾಂಧವರು ಮನ್ನಿಸಬೇಕು.

ನೆರಡಿ ರೋಗ ರೈತರಿಗೆ ಹೊಸದಲ್ಲ. ಸಂಜೆ ಮೇವು ತಿಂದ ದನ ಬೆಳಿಗ್ಗೆ ಸತ್ತು ಬಿದ್ದಿರುತ್ತೆ, ಮೂಗಿನಿಂದ ಕಪ್ಪು ರಕ್ತ ಸೋರಿರುತ್ತೆ. ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ ಎಂದು ಪಶುವೈದ್ಯರು ಹೇಳುತ್ತಾರೆ. ಅದು ಯಾಕೆ ಅನ್ನೋದನ್ನು ತೋರಿಸಿಕೊಟ್ಟವರೇ ಕಾಕ್.

ಇವರು ಜರ್ಮನಿಯ ಕ್ಲೌಸ್ತಾಲ್ ಎಂಬ ಗಣಿ ಊರಿನಲ್ಲಿ 1843ರ ಡಿಸೆಂಬರ್ 11ರಂದು ಹುಟ್ಟಿದರು. ಗ್ಯೋಟಿಂಗನ್ನಿನಲ್ಲಿ ಡಾಕ್ಟರಿಕೆ ಓದಿ, ಯುದ್ಧದಲ್ಲಿ ಸೇವೆ ಮಾಡಿ, 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಊರಿಗೆ ಸರ್ಕಾರಿ ವೈದ್ಯರಾಗಿ ಬಂದರು. ಆ ಊರು ಈಗ ಪೋಲೆಂಡಿಗೆ ಸೇರಿದೆ. ಆ ಸೀಮೆಯಲ್ಲಿ ನೆರಡಿಯಿಂದ ದನ ಕುರಿ ಸಾಯುತ್ತಿದ್ದವು. ಸತ್ತ ದನದ ರಕ್ತದಲ್ಲಿ ಕಡ್ಡಿಯಂಥ ಜೀವಿಗಳನ್ನು ಬೇರೆಯವರೂ ಕಂಡಿದ್ದರು. ರೋಗ ತರುವುದು ಅವೇ ಹೌದೋ ಅಲ್ಲವೋ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಕಾಕ್ ರೋಗಿಗಳನ್ನು ನೋಡಿದ ಮೇಲೆ ಮನೆಯಲ್ಲೇ ಮೈಕ್ರೋಸ್ಕೋಪ್ ಹಿಡಿದು ಕೂರುತ್ತಿದ್ದರು. ಮರದ ಚೂರನ್ನು ಆ ರಕ್ತಕ್ಕೆ ಅದ್ದಿ ಇಲಿಗಳಿಗೆ ಚುಚ್ಚಿದರು. ದನದ ಕಣ್ಣಿನ ನೀರಿನಲ್ಲಿ ರೋಗಾಣು ಬೆಳೆಸಿದರು. ಕಡ್ಡಿಗಳು ಉದ್ದ ದಾರವಾಗಿ, ಒಳಗೆ ಬೀಜದಂಥ ಗಟ್ಟಿ ಕಾಳು ಕಟ್ಟುವುದನ್ನು ಕಂಡರು. ಆ ಕಾಳು ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಇರುತ್ತೆ. ಹೆಣ ಕೊಯ್ದರೆ ರೋಗಾಣುವಿಗೆ ಗಾಳಿ ತಾಗಿ ಇಂಥ ಕಾಳು ಕಟ್ಟಿ ಮಣ್ಣಿಗೆ ಬೀಳುತ್ತೆ, ಮತ್ತೆ ಅಲ್ಲಿ ಮೇದ ದನಕ್ಕೆ ರೋಗ ತಪ್ಪಿದ್ದಲ್ಲ. 1876ರಲ್ಲಿ ಬ್ರೆಸ್ಲಾವಿನ ಪಂಡಿತರ ಮುಂದೆ ಇದನ್ನೆಲ್ಲ ಮಾಡಿ ತೋರಿಸಿದಾಗ ಹಳ್ಳಿ ಡಾಕ್ಟರ ಹೆಸರು ಎಲ್ಲ ಕಡೆ ಹಬ್ಬಿತು.

1880ರಲ್ಲಿ ಬರ್ಲಿನ್ನಿಗೆ ಕರೆಸಿಕೊಂಡರು. ಅಲ್ಲಿ ಮಾಡಿದ್ದೇ ಇವರ ದೊಡ್ಡ ಕೆಲಸವೆಂದು ನಮ್ಮ ಅಭಿಪ್ರಾಯ. ಒಂದು ತೊಟ್ಟು ಕೀವಿನಲ್ಲಿ ನಾನಾ ಜಾತಿ ರೋಗಾಣು ಕಲಸಿಕೊಂಡಿರಬಹುದು. ಬೆರಕೆ ಬಿತ್ತನೆಯಲ್ಲಿ ಒಂದೇ ತಳಿ ಆರಿಸಿದ ಹಾಗೆ ಒಂದನ್ನೇ ಬೇರ್ಪಡಿಸುವುದು ಹೇಗೆ? ಬೇಯಿಸಿದ ಆಲೂಗಡ್ಡೆ ಹೋಳಿನ ಮೇಲೆ ಬಣ್ಣಬಣ್ಣದ ಚುಕ್ಕೆ ಎದ್ದಿದ್ದನ್ನು, ಒಂದೊಂದು ಚುಕ್ಕೆಯೂ ಒಂದೊಂದೇ ಜಾತಿ ಆಗಿದ್ದನ್ನು ಕಾಕ್ ಗಮನಿಸಿದರು. ಆಮೇಲೆ ಜೆಲಟಿನ್ ಹಾಕಿ ನೋಡಿದರು, ಅದು ಶಾಖಕ್ಕೆ ಕರಗುತ್ತಿತ್ತು. ಸಹಾಯಕ ಹೆಸ್ಸೆಯವರ ಪತ್ನಿ ಫಾನಿ ಅಡಿಗೆಮನೆಯಲ್ಲಿ ಬಳಸುತ್ತಿದ್ದ ಅಗರ್ ಹಾಕಿ ನೋಡಿ ಅಂದರು. ನಮ್ಮಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ, ಅದೇ. ಈಗಲೂ ಲ್ಯಾಬುಗಳಲ್ಲಿ ಅದೇ ನಡೆಯುತ್ತಿದೆ. ಕಾಕ್ ತಮ್ಮ ಬರಹದಲ್ಲಿ ಆ ತಾಯಿಯ ಹೆಸರು ಹೇಳಲಿಲ್ಲ, ಹೇಳಬೇಕಿತ್ತು.

ಹಿಂದೊಮ್ಮೆ ನಮ್ಮ ಮನೆಯವರ ಕಾಲಿನ ಗಾಯ ಕೀವಾದಾಗ, ಕಲ್ಚರ್ ರಿಪೋರ್ಟಿಗೆ ಎರಡು ದಿನ ಬೇಕು ಅಂದಿದ್ದಕ್ಕೆ ನಾವು ಆಸ್ಪತ್ರೆಯಲ್ಲಿ ಜಗಳಕ್ಕೇ ನಿಂತಿದ್ದೆವು. ಆಗ ಲ್ಯಾಬಿನ ಹುಡುಗಿ ಒಳಗೆ ಕರೆದು ತೋರಿಸಿದಳು. ಅಗರ್ ತಟ್ಟೆಗೆ ಕೀವು ಸವರಿ ಮೈಶಾಖದಷ್ಟು ಬಿಸಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಎದ್ದ ಚುಕ್ಕೆಗೆ ಬಣ್ಣ ಕೊಟ್ಟು ನೇರಳೆಯೋ ಕೆಂಪೋ ನೋಡಿ ಜಾತಿ ಗೊತ್ತುಮಾಡುತ್ತಾರೆ. ಆಮೇಲೆ ಯಾವ ಔಷಧಿಗೆ ಸಾಯುತ್ತೆ ಅಂತ ಮತ್ತೊಂದು ತಟ್ಟೆಯಲ್ಲಿ ನೋಡುತ್ತಾರೆ. ರೋಗಾಣು ಬೆಳೆಯಲು ಟೈಮ್ ಬೇಕು, ನಮ್ಮ ಅವಸರಕ್ಕೆ ಬೆಳೆಯಲ್ಲ. ಅದುವರೆಗೆ ಕೊಡುತ್ತಿದ್ದ ಮಾತ್ರೆ ಆ ರೋಗಾಣುವಿಗೆ ನಾಟದೇ ಇದ್ದದ್ದು ರಿಪೋರ್ಟು ಬಂದಮೇಲೆ ತಿಳಿಯಿತು. ಔಷಧಿ ಬದಲಾಯಿಸಿದರು, ಕಾಲು ಉಳಿಯಿತು.

1882ರ ಮಾರ್ಚ್ 24ರಂದು ಕಾಕ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತಿಳಿಸಿದರು. ಮಾರ್ಚ್ 24 ಈಗ ವಿಶ್ವ ಕ್ಷಯರೋಗ ದಿನ. 1884ರಲ್ಲಿ ನಮ್ಮ ಕಲ್ಕತ್ತೆಯಲ್ಲೇ ಇದ್ದು ಕಾಲರಾ ರೋಗಾಣುವನ್ನು ಬೇರ್ಪಡಿಸಿ, ಜನ ಕುಡಿಯುವ ಕೆರೆ ನೀರಿನಲ್ಲೂ ಅದನ್ನು ಕಂಡರು. 1905ರಲ್ಲಿ ನೊಬೆಲ್ ಬಹುಮಾನ ಬಂತು.

ಇಂಥವರೂ ಎಡವಿದರು. 1890ರಲ್ಲಿ ಟ್ಯೂಬರ್ಕ್ಯುಲಿನ್ ಎಂಬ ಕ್ಷಯದ ಔಷಧಿ ಪ್ರಕಟಿಸಿ, ಅದರಲ್ಲೇನಿದೆ ಎಂದು ಮೊದಲು ಗುಟ್ಟಾಗಿಟ್ಟರು. ರೋಗಿಗಳು ಬರ್ಲಿನ್ನಿಗೆ ಮುಗಿಬಿದ್ದರು. ಗುಣವಾಗಲಿಲ್ಲ, ಕೆಲವರು ಸತ್ತೂಹೋದರು. 1901ರಲ್ಲಿ ಲಂಡನ್ನಿನ ಸಭೆಯಲ್ಲಿ ದನದ ಕ್ಷಯದಿಂದ ಮನುಷ್ಯರಿಗೆ ಹೆಚ್ಚು ಭಯವಿಲ್ಲ ಅಂದರು. ಅದೂ ತಪ್ಪೆಂದು ಬೇರೆಯವರು ಸಾಧಿಸಿದರು. ಕಾಯಿಸದ ಹಾಲಿನಿಂದ ಅದು ಮಕ್ಕಳಿಗೆ ಬರುತ್ತೆ. ಕಾಕ್ 1910ರ ಮೇ 27ರಂದು ಬಾಡೆನ್-ಬಾಡೆನ್ ಎಂಬಲ್ಲಿ ತೀರಿಕೊಂಡರು.

ಔಷಧಿಯಾಗಿ ಸೋತ ಟ್ಯೂಬರ್ಕ್ಯುಲಿನ್ ಮಾತ್ರ ಮೂಲೆಗೆ ಬೀಳಲಿಲ್ಲ. ಹಸುವಿಗೆ ಕ್ಷಯ ಇದೆಯೇ ಎಂದು ನೋಡಲು ಪಶುವೈದ್ಯರು ಕತ್ತಿನ ಚರ್ಮಕ್ಕೆ ಚುಚ್ಚಿ, ಮೂರು ದಿನ ಬಿಟ್ಟು ಊತ ಅಳೆಯುವುದು ಅದರದೇ ಶುದ್ಧ ಮಾಡಿದ ರೂಪದಿಂದ.