ಮೊದಲ ವರ್ಷದ ತರಗತಿಯನ್ನು ಕೇಳಿ ಪಡೆದ ಪ್ರಾಧ್ಯಾಪಕ

ಎಡಿನ್‌ಬರೋ ವಿಶ್ವವಿದ್ಯಾಲಯದಿಂದ 1887ರಲ್ಲಿ ಡಿ.ಎಸ್‌ಸಿ. ಪಡೆದು ಮರುವರ್ಷ ಕಲ್ಕತ್ತೆಗೆ ಮರಳಿದ ಪ್ರಫುಲ್ಲಚಂದ್ರ ರಾಯ್ ಅವರಿಗೆ ತಿಂಗಳುಗಟ್ಟಲೆ ಕೆಲಸ ಸಿಗಲಿಲ್ಲ. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಅವರನ್ನು ಮಾಸಿಕ 250 ರೂಪಾಯಿ ವೇತನದ ಮೇಲೆ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಂಡಿತು. ಶಿಕ್ಷಣ ಸೇವೆಯ ಮೇಲ್ದರ್ಜೆ ಬಹುಮಟ್ಟಿಗೆ ಬ್ರಿಟಿಷರಿಗೇ ಮೀಸಲಾಗಿದ್ದ ಕಾಲವದು. ರಾಯ್ ಅವರ ಅಹವಾಲಿಗೆ ಫಲ ದೊರೆಯಲಿಲ್ಲ.

ಹಿರಿಯ ಪ್ರಾಧ್ಯಾಪಕರು ಸಾಮಾನ್ಯವಾಗಿ ಬಯಸುವುದು ಮೇಲಿನ ತರಗತಿಗಳನ್ನು. ರಾಯ್ ಮಾತ್ರ ಹೊಸದಾಗಿ ಸೇರಿದವರಿಗೇ ರಸಾಯನಶಾಸ್ತ್ರ ಬೋಧಿಸಲು ಇಷ್ಟಪಟ್ಟರು. ಎಳೆಯ ಮನಸ್ಸನ್ನು ತಿದ್ದುವುದು ಸುಲಭವೆಂಬುದು ಅವರ ನಂಬಿಕೆ. ಟಿಪ್ಪಣಿ ಬರೆಸುವುದಕ್ಕಿಂತ ಪ್ರಯೋಗ ತೋರಿಸುವುದರಲ್ಲೇ ಅವರಿಗೆ ಆಸಕ್ತಿ. ಸುಟ್ಟ ಎಲುಬಿನ ಬೂದಿಯನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು, ಉಳಿದಿರುವುದು ಕ್ಯಾಲ್ಸಿಯಂ ಫಾಸ್ಫೇಟ್ ಅಷ್ಟೇ ಎಂದು ಮನಗಾಣಿಸುತ್ತಿದ್ದರಂತೆ. ಮಡಿ ಮೈಲಿಗೆಯ ಆ ದಿನಗಳಲ್ಲಿ ಇದೇನು ಸಣ್ಣ ಧೈರ್ಯವಲ್ಲ. ಔಷಧ ತಯಾರಿಕೆಗೆಂದು ಮನೆಯ ಮಾಳಿಗೆಯ ಮೇಲೆ ಎಲುಬು ಒಣಹಾಕಿ ನೆರೆಹೊರೆಯವರ ಸಿಟ್ಟಿಗೂ ಗುರಿಯಾಗಿದ್ದರು. ಅಲ್ಲಿ ಆರಂಭಗೊಂಡ ಉದ್ಯಮವೇ 1901ರಲ್ಲಿ ಬೆಂಗಾಲ್ ಕೆಮಿಕಲ್ ಅಂಡ್ ಫಾರ್ಮಸ್ಯೂಟಿಕಲ್ ವರ್ಕ್ಸ್ ಕಂಪನಿಯಾಯಿತು.

ನೀಲರತನ ಧರ್, ಜ್ಞಾನಚಂದ್ರ ಘೋಷ್ ಅವರ ಶಿಷ್ಯರು. ಘೋಷ್ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದುದನ್ನು ಗುರುಗಳು ಕಂಡರು.

1916ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜು ಸೇರಿದ ರಾಯ್, 1921ರಲ್ಲಿ ಅರವತ್ತು ತುಂಬಿದ ಬಳಿಕ ತಮ್ಮ ವೇತನವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. ಸೇವೆಯಲ್ಲಿ 1936ರವರೆಗೂ ಮುಂದುವರಿದರು. ಅವಿವಾಹಿತರಾಗಿದ್ದ ಅವರಿಗೆ ಕಾಲೇಜಿನ ಕೊಠಡಿಯೇ ಮನೆ. 1944ರ ಜೂನ್ 16ರಂದು ಅಲ್ಲಿಯೇ ಕೊನೆಯುಸಿರೆಳೆದರು.